ಪೇರ್‌ಲ್ಯಾಂಡಿಗೊಬ್ಬ ಗುರ್ಕಾರ್

ಟೆಕ್ಸಾಸ್‌ನ ಕನ್ನಡಿಗರಿಗೆ ಪೇರ್‌ಲ್ಯಾಂಡ್ ಎಂದರೆ ಥಟ್ಟನೆ ನೆನಪಾಗುವುದು ಅಲ್ಲಿನ ಮೀನಾಕ್ಷಿ ದೇವಸ್ಥಾನ. ಹ್ಯೂಸ್ಟನ್ನಿನ ದಕ್ಷಿಣಕ್ಕಿರುವ ಅದೇ ಊರಿನಲ್ಲಿ ಭಾನುವಾರ ಬೆಳಿಗ್ಗೆ ಕಾರು ತೆಗೆದುಕೊಂಡು ಹೊರಟರೆ ದಾರಿಯುದ್ದಕ್ಕೂ ಚರ್ಚುಗಳು ಸಿಗುತ್ತವೆ. ಕ್ಯಾಥೊಲಿಕರದು, ಬ್ಯಾಪ್ಟಿಸ್ಟರದು, ಮೆಥಡಿಸ್ಟರದು, ಯಾವ ಪಂಗಡಕ್ಕೂ ಸೇರದ ಸ್ವತಂತ್ರ ಸಭೆಗಳದು. 1990ರ ಜನಗಣತಿಯಲ್ಲಿ 19 ಸಾವಿರ ಜನರೂ ಇಲ್ಲದ ಊರು ಇದು. 2020ರ ಹೊತ್ತಿಗೆ ಜನಸಂಖ್ಯೆ ಒಂದೂಕಾಲು ಲಕ್ಷ ದಾಟಿತ್ತು. ಮೂವತ್ತು ವರ್ಷಗಳಲ್ಲಿ ಆರು ಪಟ್ಟಿಗೂ ಮೀರಿ ಬೆಳೆದ ಊರಿನಲ್ಲಿ, ಚರ್ಚಿನ ಬೆಂಚಿನಲ್ಲಿ ಪಕ್ಕ ಕೂತವರು ಯಾರೆಂದು ಬಹಳ ಮಂದಿಗೆ ಗೊತ್ತಿರುವುದಿಲ್ಲ. ಮಂಗಳೂರು, ಉಡುಪಿ, ಧಾರವಾಡ, ಬೆಂಗಳೂರು ಕಡೆಯಿಂದ ಹೋದ ಕ್ರೈಸ್ತ ಕುಟುಂಬಗಳು ಕೂಡ ಸೇರಿಕೊಳ್ಳುವುದು ಇಂಥ ಸಭೆಗಳಿಗೇ.

ಅಪರಿಚಿತರ ಗುಂಪೊಂದು ಸಭೆಯಾಗುವುದು ಹೇಗೆ? ಅದನ್ನು ನಡೆಸುವ ಪಾದ್ರಿ ಸುಸ್ತಾಗಿ ಕೈಚೆಲ್ಲದಂತೆ ನೋಡಿಕೊಳ್ಳುವುದು ಹೇಗೆ? ಇವು ಎರಡಾಗಿ ಕಂಡರೂ ಒಂದೇ ಪ್ರಶ್ನೆ. ಪಾದ್ರಿಗೂ ಜನರಿಗೂ ನಡುವೆ ನಿಂತು ಕೆಲಸ ಹೊರುವ ಮಂದಿ ಇದ್ದರೆ ಎರಡಕ್ಕೂ ಉತ್ತರ ಸಿಗುತ್ತದೆ, ಇಲ್ಲದಿದ್ದರೆ ಎರಡಕ್ಕೂ ಸಿಗುವುದಿಲ್ಲ. ಈ ನಡುವಿನ ಮಂದಿಯ ವಿಷಯದಲ್ಲಿ ಕರಾವಳಿಯ ಚರ್ಚುಗಳಿಗೆ ಹಳೆಯ ಅನುಭವವಿದೆ. ಟೆಕ್ಸಾಸ್‌ನವರಿಗೂ ಅವರದೇ ದಾರಿಯಲ್ಲಿ ಬಂದ ಅನುಭವವಿದೆ.

ಪಾದ್ರಿ ಬರುವುದೆಲ್ಲಿಂದ ಎನ್ನುವುದನ್ನು ಮೊದಲು ತಿಳಿದುಕೊಳ್ಳಬೇಕು, ಏಕೆಂದರೆ ಅವರನ್ನು ನೋಡಿಕೊಳ್ಳುವ ಹೊಣೆ ಯಾರದೆಂಬುದು ಅದರ ಮೇಲೆ ನಿಂತಿದೆ. ಕ್ಯಾಥೊಲಿಕರಲ್ಲಿ ಬಿಷಪರು ಧರ್ಮಗುರುವನ್ನು ನೇಮಿಸುತ್ತಾರೆ, ಕೆಲವು ವರ್ಷಗಳಾದ ಮೇಲೆ ವರ್ಗ ಮಾಡುತ್ತಾರೆ. ಮೆಥಡಿಸ್ಟರಲ್ಲಿಯೂ ನೇಮಿಸುವವರು ಬಿಷಪರೇ. ಆ ನೇಮಕ ವರ್ಷವರ್ಷವೂ ಮುಂದುವರಿಯಬೇಕು. ಬ್ಯಾಪ್ಟಿಸ್ಟ್ ಮತ್ತು ಸ್ವತಂತ್ರ ಸಭೆಗಳ ಕ್ರಮವೇ ಬೇರೆ. ಸದಸ್ಯರದೊಂದು ಸಮಿತಿ ಪಾದ್ರಿಯನ್ನು ಹುಡುಕುತ್ತದೆ, ಪ್ರಸಂಗ ಮಾಡಿಸಿ ನೋಡುತ್ತದೆ, ಕೊನೆಗೆ ಸಭೆಯೇ ಮತ ಹಾಕಿ ಕರೆಯುತ್ತದೆ. ಸಂಬಳ ಕೊಡುವುದೂ ಸಭೆಯೇ, ಬೇಡವೆಂದರೆ ಕಳಿಸುವುದೂ ಸಭೆಯೇ. ನಮ್ಮ ಸಿಎಸ್ಐ (ದಕ್ಷಿಣ ಭಾರತ ಸಭೆ) ಸಭೆಗಳಲ್ಲಿ ಮಂಗಳೂರು, ಧಾರವಾಡ, ಬೆಂಗಳೂರು ಈ ಮೂರು ಕಡೆ ಕೇಂದ್ರವಿರುವ ಧರ್ಮಪ್ರಾಂತಗಳು ಸಭಾಪಾಲಕರನ್ನು ಕಳಿಸುತ್ತವೆ. ಮಂಗಳೂರಿನಿಂದ ಪೇರ್‌ಲ್ಯಾಂಡಿಗೆ ಹೋದ ಕುಟುಂಬವೊಂದು ಸ್ವತಂತ್ರ ಸಭೆಗೆ ಸೇರಿದರೆ ಇಲ್ಲೇ ಎಡವುವುದು. ಅಯ್ಯನವರ, ಅಂದರೆ ಪಾದ್ರಿಯ, ಮನೆ ಬಾಡಿಗೆ, ಆರೋಗ್ಯ ವಿಮೆ, ರಜೆ ಎಲ್ಲವನ್ನೂ ಮೇಲಿನವರು ನೋಡಿಕೊಳ್ಳುತ್ತಾರೆ ಎಂದು ನಾವು ತಿಳಿದಿರುತ್ತೇವೆ. ಅಲ್ಲಿ ಮೇಲಿನವರೆಂದರೆ ನಾವೇ.

ಇನ್ನು ನಡುವಿನ ಮಂದಿಯ ಮಾತು; ಮೊದಲಿಗೆ ಕರಾವಳಿಯ ಗುರ್ಕಾರ್ ವಿಷಯ. ಮಂಗಳೂರು, ಉಡುಪಿ ಧರ್ಮಪ್ರಾಂತಗಳ ಕ್ಯಾಥೊಲಿಕ್ ಚರ್ಚುಗಳು ವಾಡೊಗಳಾಗಿ ಹಂಚಿಹೋಗಿರುತ್ತವೆ. ನಡೆದು ಹೋಗುವಷ್ಟು ಹತ್ತಿರದ ಒಂದಷ್ಟು ಮನೆಗಳು ಸೇರಿ ಒಂದು ವಾಡೊ. ಅದಕ್ಕೊಬ್ಬ ಗುರ್ಕಾರ್. ಹಿಂದೆ ಊರ ಹಿರಿಯನಂತಿದ್ದ ಗುರ್ಕಾರ್ ಮದುವೆ, ಮದುವೆಗೆ ಮುಂಚಿನ ರೋಸ್ ಶಾಸ್ತ್ರ, ಜಗಳದ ರಾಜಿ ಎಲ್ಲದರಲ್ಲೂ ಮುಂದೆ ನಿಲ್ಲುತ್ತಿದ್ದ. ಈಗ ವಾಡೊದವರೇ ಇಂತಿಷ್ಟು ವರ್ಷಕ್ಕೆಂದು ಆರಿಸುತ್ತಾರೆ, ಹೆಂಗಸರೂ ಆಗುತ್ತಾರೆ. ಇವರ ಮೇಲೆ ಚರ್ಚಿನ ಪಾಲನಾ ಮಂಡಳಿ ಇರುತ್ತದೆ. ಧರ್ಮಗುರು ಅದರ ಅಧ್ಯಕ್ಷರು. ಉಪಾಧ್ಯಕ್ಷ, ಕಾರ್ಯದರ್ಶಿ, ಆಯೋಗಗಳ ಸಂಚಾಲಕರು ಸಾಮಾನ್ಯವಾಗಿ ದೀಕ್ಷೆ ಪಡೆಯದ ಭಕ್ತರೇ.

ವಾಡೊದಲ್ಲೊಂದು ಸಾವಾಯಿತೆನ್ನಿ. ಗುರ್ಕಾರಿಗೆ ಸುದ್ದಿ ಮುಟ್ಟಿತೆಂದರೆ ಮುಂದಿನದೆಲ್ಲ ತಾನಾಗಿ ಸಾಗುತ್ತದೆ. ಫಾದರಿಗೆ ಹೇಳಿ ಗಂಟೆ ಬಾರಿಸುವುದು, ಸಮಾಧಿಯ ಜಾಗ ಗೊತ್ತುಮಾಡುವುದು, ಪೆಟ್ಟಿಗೆ ತರಿಸುವುದು, ಆ ಮನೆಯವರಿಗೆ ಅಕ್ಕಪಕ್ಕದವರಿಂದ ಗಂಜಿ ಮುಟ್ಟಿಸುವುದು, ರಾತ್ರಿಯ ಪ್ರಾರ್ಥನೆಗೆ ಜನ ಸೇರಿಸುವುದು. ಇಷ್ಟೆಲ್ಲ ಆಗಿದ್ದರೆ ಧರ್ಮಗುರು ಬಂದು ಆ ಮನೆಯವರ ಜೊತೆ ಸುಮ್ಮನೆ ಕೂರಬಹುದು. ಅದೊಂದೇ ಅವರಿಂದ ಮಾತ್ರ ಆಗಬೇಕಾದ ಕೆಲಸ. ಗುರ್ಕಾರ್ ಇಲ್ಲದ ಕಡೆ ಅದೇ ಧರ್ಮಗುರು ಪೆಟ್ಟಿಗೆಯ ಅಂಗಡಿಗೆ ಫೋನು ಮಾಡುತ್ತ ಅಂಗಳದಲ್ಲಿ ನಿಂತಿರುತ್ತಾರೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬದಲ್ಲೂ, ಅಂದರೆ ಹೊಸ ತೆನೆಯ ಹಬ್ಬದಲ್ಲೂ, ಹೀಗೆಯೇ. ಎಷ್ಟೋ ಚರ್ಚುಗಳಲ್ಲಿ ಆಶೀರ್ವದಿಸಿದ ಹೊಸ ತೆನೆ ಮನೆಮನೆಗೆ ಸೇರುವುದು ಗುರ್ಕಾರ್‌ಗಳ ಕೈಯಿಂದ. ಯಾರ ಮನೆಯವರು ತೆನೆ ಒಯ್ಯಲು ಬರಲಿಲ್ಲ ಎನ್ನುವುದು ಆ ಕ್ಷಣದಲ್ಲೇ ತಿಳಿಯುತ್ತದೆ. ಸಂಜೆ ಗುರ್ಕಾರ್‌ಗಳಲ್ಲೊಬ್ಬರು ಆ ಮನೆಗೆ ಹೋಗಿ ಬರುತ್ತಾರೆ. ಸಾವಿರ ಮನೆಗಳ ಚರ್ಚಿನಲ್ಲಿ ಒಂಟಿ ಪಾದ್ರಿಗೆ ಇದು ಎಂದಿಗೂ ಗೊತ್ತಾಗುವ ವಿಷಯವಲ್ಲ.

ಪೇರ್‌ಲ್ಯಾಂಡಿನಲ್ಲಿ ವಾಡೊ ಇಲ್ಲ, ಆದರೆ ವಾಡೊದಷ್ಟೇ ಸ್ಪಷ್ಟವಾದ ಗಡಿಗಳಿವೆ. ಅಲ್ಲಿನ ಬಡಾವಣೆಗಳಿಗೆ ಒಂದೊಂದಕ್ಕೂ ಹೆಸರಿದೆ, ಬಹಳಷ್ಟಕ್ಕೆ ಮನೆಮಾಲೀಕರ ಸಂಘವೂ ಇದೆ. ಸಭೆಯ ಸದಸ್ಯರ ಪಟ್ಟಿಯನ್ನು ಅಕಾರಾದಿಯಾಗಿ ಇಡುವ ಬದಲು ಬಡಾವಣೆವಾರು ಬರೆದಿಟ್ಟರೆ ಅರ್ಧ ಕೆಲಸ ಮುಗಿದಂತೆ. ಒಂದು ಬಡಾವಣೆಗೆ ಇಬ್ಬರನ್ನು ಗೊತ್ತುಮಾಡಿ, ಒಬ್ಬರನ್ನಲ್ಲ. ಒಬ್ಬರೇ ಆದರೆ ಊರಿಗೆ ಹೋದಾಗ ಕೊಂಡಿ ಕಳಚುತ್ತದೆ. ಮನೆ ಭೇಟಿಯನ್ನು ಇಬ್ಬಿಬ್ಬರಾಗಿಯೇ ಮಾಡಬೇಕೆಂಬ ಪದ್ಧತಿ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯಲ್ಲೂ ಇದೆ. 1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡರಿಕ್ ಓಜನಾಮ್ ಎಂಬ ವಿದ್ಯಾರ್ಥಿ ಗೆಳೆಯರ ಜೊತೆ ಹುಟ್ಟುಹಾಕಿದ ಈ ಸಭೆ ಮಂಗಳೂರಿನಲ್ಲೂ ಇದೆ, ಟೆಕ್ಸಾಸ್‌ನಲ್ಲೂ ಇದೆ. ಬಡವರಿಗೆ ಸಹಾಯವನ್ನು ಚರ್ಚಿನ ಬಾಗಿಲಲ್ಲಿ ಹಂಚುವುದಿಲ್ಲ, ಅವರ ಮನೆಗೆ ಹೋಗಿ ಕೂತು ಮಾತಾಡಿ ಕೊಡುತ್ತಾರೆ. ಹೊಸದಾಗಿ ಹೋದ ಕನ್ನಡಿಗರಿಗೆ ಸೇವೆ ಶುರುಮಾಡಲು ಇದಕ್ಕಿಂತ ಸಲೀಸಾದ ಬಾಗಿಲಿಲ್ಲ.

ಈ ನಡುವಿನ ಮಂದಿಯನ್ನು ಹುಡುಕುವುದು ಹೇಗೆ ಎನ್ನುವುದರಲ್ಲಿ ಟೆಕ್ಸಾಸ್ ನಮಗಿಂತ ಮುಂದಿದೆ. 1970ರ ದಶಕದ ಮೊದಲಲ್ಲಿ ಎರ್ನೆಸ್ಟೊ ಕೊರ್ಟೆಸ್ ಎಂಬ ಸಂಘಟಕ ತನ್ನ ಹುಟ್ಟೂರು ಸ್ಯಾನ್ ಆಂಟೋನಿಯೊಕ್ಕೆ ಮರಳಿದರು. ಊರಿನ ಪಶ್ಚಿಮ ಭಾಗ ಮೆಕ್ಸಿಕನ್ ಮೂಲದ ಬಡವರದು. ಮಳೆ ಬಂದರೆ ಬೀದಿಗಳೇ ಹೊಳೆಯಾಗುತ್ತಿದ್ದವು. ಕೊರ್ಟೆಸ್ ಭಾಷಣ ಮಾಡಲಿಲ್ಲ. ಕ್ಯಾಥೊಲಿಕ್ ಚರ್ಚುಗಳ ಮೂಲಕ ಮನೆಮನೆಗೆ ಹೋಗಿ ಒಬ್ಬೊಬ್ಬರ ಜೊತೆ ಕೂತು ಕೇಳುತ್ತ ಹೋದರು: ನಿಮಗೆ ನಿದ್ದೆಗೆಡಿಸುವ ಚಿಂತೆ ಯಾವುದು? ಇದಕ್ಕೆ ನೀವು ಏನು ಮಾಡಲು ಸಿದ್ಧ? ರಾಜಕೀಯದ ದೊಡ್ಡ ಪ್ರಶ್ನೆಗಳು ಬರುತ್ತವೆ ಎಂದುಕೊಂಡರೆ ಜನ ಚರಂಡಿಯ ಮಾತೆತ್ತಿದರು. ಹೀಗೆ 1974ರಲ್ಲಿ ಹುಟ್ಟಿದ ಸಂಘಟನೆಯೇ ಕಾಪ್ಸ್. ಅದರ ಮುಂದಾಳುಗಳು ಬಂದದ್ದು ಚರ್ಚಿನ ಹಬ್ಬದೂಟದ ಉಸ್ತುವಾರಿ, ಶಾಲೆಯ ಪೋಷಕರ ಸಂಘ ಇಂಥ ಕಡೆಯಿಂದ. ಹತ್ತಾರು ವರ್ಷಗಳ ಹಿಂದೆಯೇ ಯೋಜನೆಯಲ್ಲಿ ಸೇರಿ ಕಡತದಲ್ಲೇ ಉಳಿದಿದ್ದ ಚರಂಡಿ ಕೆಲಸಗಳನ್ನು ಅವರು ಹುಡುಕಿ ತೆಗೆದರು, ನೂರಾರು ಜನ ಹೋಗಿ ನಗರಸಭೆಯನ್ನು ಕೇಳಿದರು. ಅದೇ ವರ್ಷ ನವೆಂಬರಿನಲ್ಲಿ ಊರು ಮತ ಹಾಕಿ ಚರಂಡಿ ಕಾಮಗಾರಿಗೆ 4.6 ಕೋಟಿ ಡಾಲರಿಗೂ ಹೆಚ್ಚಿನ ಸಾಲಪತ್ರಕ್ಕೆ ಒಪ್ಪಿತು.

ಅದೇ ಬಳ್ಳಿಯ ಸಂಘಟನೆಗಳು ಆಮೇಲೆ ಹ್ಯೂಸ್ಟನ್, ಡಾಲಸ್, ಆಸ್ಟಿನ್ ಮೂರೂ ಊರುಗಳಲ್ಲಿ ಬೇರುಬಿಟ್ಟವು. ಹ್ಯೂಸ್ಟನ್ನಿನಲ್ಲಿ ದ ಮೆಟ್ರೊಪಾಲಿಟನ್ ಆರ್ಗನೈಸೇಶನ್, ಡಾಲಸ್‌ನಲ್ಲಿ ಡಾಲಸ್ ಏರಿಯಾ ಇಂಟರ್‌ಫೇತ್, ಆಸ್ಟಿನ್ನಿನಲ್ಲಿ ಈಗ ಸೆಂಟ್ರಲ್ ಟೆಕ್ಸಾಸ್ ಇಂಟರ್‌ಫೇತ್ ಎನ್ನಿಸಿಕೊಂಡಿರುವ ಸಂಸ್ಥೆ. ಇವುಗಳಿಗೆ ಸದಸ್ಯರಾಗುವುದು ಚರ್ಚು, ಯೆಹೂದಿಗಳ ಸಿನಗಾಗ್ ಮುಂತಾದ ಸಂಸ್ಥೆಗಳು, ಬಿಡಿ ವ್ಯಕ್ತಿಗಳಲ್ಲ. ಯಾವ ಪಕ್ಷದ ಅಭ್ಯರ್ಥಿಗೂ ಬೆಂಬಲ ಘೋಷಿಸುವುದಿಲ್ಲ. ತಾವೇ ಮಾಡಿಕೊಳ್ಳಬಲ್ಲವರಿಗೆ ನೀವು ಮಾಡಿಕೊಡಬೇಡಿ ಎನ್ನುವುದು ಅವರ ಮೊದಲ ನಿಯಮ. ಆಸ್ಟಿನ್ನಿನಲ್ಲಿ 1998ರಲ್ಲಿ ಶುರುವಾದ ಕ್ಯಾಪಿಟಲ್ ಐಡಿಯಾ ಎಂಬ ತರಬೇತಿ ಸಂಸ್ಥೆ ಇಂಥ ಮಾತುಕತೆಗಳ ಫಲ. ಕಡಿಮೆ ಆದಾಯದವರಿಗೆ ನರ್ಸಿಂಗ್ ಮೊದಲಾದ ಕೋರ್ಸುಗಳ ಶುಲ್ಕ, ಪುಸ್ತಕ, ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಇದರಿಂದ ಸಿಗುತ್ತದೆ.

ಈ ಮಾತುಕತೆಯ ವಿಧಾನವನ್ನು ಯಾವ ಸಭೆಯೂ ನಾಳೆಯೇ ಹಿಡಿಯಬಹುದು. ಅರ್ಧ ಗಂಟೆ, ಇಬ್ಬರೇ, ಕಾಫಿ. ಚರ್ಚಿಗೆ ಕೆಲಸದವರು ಬೇಕು ಎಂಬ ಬೇಡಿಕೆ ಇಟ್ಟುಕೊಂಡು ಹೋಗಬಾರದು. ಅವರ ಬದುಕಿನ ಮಾತು ಕೇಳಲು ಹೋಗಬೇಕು. ವಾರಕ್ಕಿಬ್ಬರಂತೆ ಹತ್ತು ಮಂದಿ ಒಂದು ಚಳಿಗಾಲ ಹೀಗೆ ಮಾಡಿದರೆ ಯಾರಿಗೆ ಕೆಲಸ ಹೋಗಿದೆ, ಯಾರಿಗೆ ಲೆಕ್ಕಪತ್ರ ಬರುತ್ತದೆ, ಯಾರ ಮನೆಯಲ್ಲಿ ತಾಯಿಗೆ ಮರೆವಿನ ಕಾಯಿಲೆ ಎಲ್ಲವೂ ತಿಳಿಯುತ್ತದೆ. ವೇದಿಕೆಯಿಂದ ಸ್ವಯಂಸೇವಕರು ಬೇಕೆಂದು ಕೂಗಿದರೆ ಪ್ರತಿಸಲ ಕೈ ಎತ್ತುವುದು ಅದೇ ಐದು ಜನ.

ಊರಿನೊಂದಿಗೆ ಸಭೆಯ ಸಂಬಂಧ ಎಂಥದು ಎನ್ನುವುದು ಕಷ್ಟ ಬಂದ ದಿನ ಗೊತ್ತಾಗುತ್ತದೆ. 2017ರ ಆಗಸ್ಟ್ ಕೊನೆಯಲ್ಲಿ ಹಾರ್ವಿ ಚಂಡಮಾರುತ ಹ್ಯೂಸ್ಟನ್ ಸುತ್ತಮುತ್ತ ಕೆಲವೆಡೆ ಒಂದು ಮೀಟರಿಗೂ ಹೆಚ್ಚು ಮಳೆ ಸುರಿಸಿತು. ಅಲ್ಲಿನ ಮನೆಗಳ ಒಳಗೋಡೆ ಇಟ್ಟಿಗೆಯದಲ್ಲ, ಜಿಪ್ಸಮ್ ಹಲಗೆಯದು. ನೆನೆದರೆ ಕೆಲವೇ ದಿನಗಳಲ್ಲಿ ಬೂಷ್ಟು ಹಿಡಿಯುತ್ತದೆ, ಅಷ್ಟರೊಳಗೆ ಕಿತ್ತು ಹೊರಗೆ ಹಾಕಬೇಕು. ಇಂಥ ಹೊತ್ತಿಗೆಂದೇ ಮೆಥಡಿಸ್ಟ್ ಸಭೆಗಳು ವರ್ಷವಿಡೀ ಬಕೆಟ್ ತುಂಬಿಸಿಡುತ್ತವೆ. ಸುಮಾರು 19 ಲೀಟರಿನ ಮುಚ್ಚಳದ ಬಕೆಟ್. ಒಳಗೆ ತಿಕ್ಕುವ ಬ್ರಷ್ಷು, ಸ್ಪಂಜು, ದ್ರವ ಸಾಬೂನು, ಕೈಗವಸು, ಮಾಸ್ಕು, ಕಸದ ಚೀಲ, ಸೊಳ್ಳೆ ಓಡಿಸುವ ಔಷಧಿ, ಬಟ್ಟೆ ಒಣಹಾಕುವ ಹಗ್ಗ ಮತ್ತು ಕ್ಲಿಪ್ಪು. ಏನೇನಿರಬೇಕೆಂಬ ಪಟ್ಟಿ ಎಲ್ಲ ಕಡೆಗೂ ಒಂದೇ, ಹಾಗಾಗಿ ಯಾವ ಸಭೆಯ ಬಕೆಟ್ಟು ಯಾರ ಮನೆಗೆ ಹೋದರೂ ಕೆಲಸಕ್ಕೆ ಬರುತ್ತದೆ. ಹಿಂದೆ ಟೆಕ್ಸಾಸ್ ಬ್ಯಾಪ್ಟಿಸ್ಟ್ ಮೆನ್ ಎನ್ನಿಸಿಕೊಂಡಿದ್ದ ಡಾಲಸ್‌ನ ಟೆಕ್ಸನ್ಸ್ ಆನ್ ಮಿಷನ್ ಸಂಸ್ಥೆ 1967ರ ಬ್ಯೂಲಾ ಚಂಡಮಾರುತದ ಕಾಲದಿಂದ ಈ ಕೆಲಸದಲ್ಲಿದೆ; ಸಾವಿರಾರು ಜನರಿಗೆ ಬೇಯಿಸುವ ಸಂಚಾರಿ ಅಡುಗೆಮನೆ, ಸ್ನಾನದ ಗಾಡಿ, ಮರ ಕಡಿಯುವ ತಂಡ ಎಲ್ಲ ಅದರ ಬಳಿ ಇವೆ. ಸಣ್ಣ ಸಭೆಯೊಂದು ಇಷ್ಟೆಲ್ಲ ಮಾಡಲಾರದು, ಮಾಡಬೇಕಾಗಿಯೂ ಇಲ್ಲ. ತನ್ನ ಬಡಾವಣೆಯಲ್ಲಿ ಒಂಟಿಯಾಗಿರುವ ವೃದ್ಧರು ಯಾರು, ಆಮ್ಲಜನಕದ ಯಂತ್ರ ಇರುವ ಮನೆ ಯಾವುದು ಎನ್ನುವ ಪಟ್ಟಿ ಅದರ ಕೈಯಲ್ಲಿರಬೇಕು. 2021ರ ಫೆಬ್ರವರಿಯ ಹಿಮಗಾಳಿಯಲ್ಲಿ ಟೆಕ್ಸಾಸ್‌ನ ಲಕ್ಷಾಂತರ ಮನೆಗಳಿಗೆ ವಿದ್ಯುತ್ ಹೋದಾಗ ಬಕೆಟ್ಟಿಗಿಂತ ಹೆಚ್ಚು ಬೇಕಾಗಿದ್ದದ್ದು ಇಂಥ ಪಟ್ಟಿ.

ಇಷ್ಟೆಲ್ಲ ನಂಬಿಕೆಯ ಮೇಲೆ ನಡೆಯುವ ಕೆಲಸ, ನಂಬಿಕೆಗೂ ಕಾವಲು ಬೇಕು. ಇದನ್ನು ಮುಲಾಜಿಲ್ಲದೆ ಹೇಳಬೇಕು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ಬಯಲಾದ ಮೇಲೆ ಅಮೆರಿಕದ ಕ್ಯಾಥೊಲಿಕ್ ಬಿಷಪರು 2002ರ ಜೂನಿನಲ್ಲಿ ಸೇರಿ ಮಕ್ಕಳ ರಕ್ಷಣೆಯ ಸನ್ನದನ್ನು ಒಪ್ಪಿದ್ದು ಡಾಲಸ್‌ನಲ್ಲೇ. 2019ರಲ್ಲಿ ಹ್ಯೂಸ್ಟನ್ ಕ್ರಾನಿಕಲ್ ಮತ್ತು ಸ್ಯಾನ್ ಆಂಟೋನಿಯೊ ಎಕ್ಸ್‌ಪ್ರೆಸ್ ನ್ಯೂಸ್ ಪತ್ರಿಕೆಗಳು ಸದರ್ನ್ ಬ್ಯಾಪ್ಟಿಸ್ಟ್ ಸಭೆಗಳಲ್ಲಿ ಇಪ್ಪತ್ತು ವರ್ಷಗಳಲ್ಲಿ 700ಕ್ಕೂ ಹೆಚ್ಚು ಮಂದಿ ದೌರ್ಜನ್ಯಕ್ಕೆ ಒಳಗಾದದ್ದನ್ನು ದಾಖಲಿಸಿದವು. ಆದ್ದರಿಂದ ಭಾನುವಾರದ ಮಕ್ಕಳ ಶಾಲೆಗೆ ಕಲಿಸಲು ಹೋದ ನಿಮ್ಮ ಪೂರ್ವಾಪರ ವಿಚಾರಿಸಿದರೆ, ತರಬೇತಿಗೆ ಕೂರಿಸಿದರೆ, ಕೋಣೆಯಲ್ಲಿ ಇಬ್ಬರು ದೊಡ್ಡವರು ಇರಲೇಬೇಕೆಂದರೆ ಬೇಸರ ಪಡಬೇಡಿ. ಹಣಕ್ಕೂ ಇದೇ ಮಾತು. ಕಾಣಿಕೆ ಎಣಿಸುವವರು ಒಂದೇ ಮನೆಯವರಲ್ಲದ ಇಬ್ಬರಿರಲಿ, ಚೆಕ್ಕಿಗೆ ಎರಡು ಸಹಿ ಇರಲಿ, ಲೆಕ್ಕವನ್ನು ಎಲ್ಲರ ಮುಂದೆ ಓದಲಿ. ಒಳ್ಳೆಯ ಪಾದ್ರಿಯನ್ನು ಸುಳ್ಳು ಗುಸುಗುಸುವಿನಿಂದ ಕಾಪಾಡುವುದೂ ಇದೇ ಶಿಸ್ತು.

ಪಾದ್ರಿಗಳಿಗೆ ಉತ್ತೇಜನ ಕೊಡುವುದು ಎಂದಾಗ ನಮಗೆ ಹೊಳೆಯುವುದು ಶಾಲು, ಹೂಗುಚ್ಛ. ಆಗಸ್ಟ್ 4ರಂದು, ಧರ್ಮಗುರುಗಳ ಪಾಲಕ ಸಂತ ಜಾನ್ ಮರಿಯ ವಿಯಾನ್ನಿಯ ಹಬ್ಬದ ದಿನ, ಕರಾವಳಿಯ ಚರ್ಚುಗಳಲ್ಲಿ ಧರ್ಮಗುರುಗಳಿಗೆ ಶುಭಾಶಯ ಕೋರುತ್ತಾರೆ. ಅಮೆರಿಕದ ಸಭೆಗಳು ಅಕ್ಟೋಬರಿನಲ್ಲಿ ಪಾದ್ರಿಗಳನ್ನು ಗೌರವಿಸುತ್ತವೆ. ಅದೂ ಇರಲಿ. ಆದರೆ ವಾರದಲ್ಲೊಂದು ದಿನ, ಸಾವು ಅಥವಾ ಆಸ್ಪತ್ರೆಯ ಕರೆ ಬಿಟ್ಟು ಬೇರಾವುದಕ್ಕೂ ಅವರಿಗೆ ಫೋನು ಹೋಗದಂತೆ ಗುರ್ಕಾರ್‌ಗಳು ತಡೆದರೆ ಅದು ಶಾಲಿಗಿಂತ ದೊಡ್ಡ ಮರ್ಯಾದೆ. ಏಳೆಂಟು ವರ್ಷ ದುಡಿದವರಿಗೆ ಎರಡು ಮೂರು ತಿಂಗಳ ಸಂಬಳ ಸಹಿತ ಬಿಡುವು ಕೊಡುವ ಪದ್ಧತಿ ಅಮೆರಿಕದ ಎಷ್ಟೋ ಸಭೆಗಳಲ್ಲಿದೆ. ಅದಕ್ಕೆಂದೇ ಇಂಡಿಯಾನಾಪೊಲಿಸ್‌ನ ಲಿಲಿ ಎಂಡೋಮೆಂಟ್ ಸಭೆಗಳಿಗೆ ಅನುದಾನ ಕೊಡುತ್ತದೆ. ಇನ್ನೊಂದು, ಪ್ರಸಂಗದ ಬಗ್ಗೆ ದೂರಿದ್ದರೆ ಅವರಿಗೇ ಹೇಳಿ, ಪಾರ್ಕಿಂಗಿನಲ್ಲಿ ನಿಂತು ಬೇರೆಯವರಿಗಲ್ಲ. ಅಯ್ಯನವರ ಹೆಂಡತಿ ಪಿಯಾನೊ ನುಡಿಸಲೇಬೇಕು, ಮಕ್ಕಳು ಮುಂದಿನ ಬೆಂಚಿನಲ್ಲೇ ಕೂರಬೇಕು ಎನ್ನುವ ನಿರೀಕ್ಷೆಯನ್ನೂ ಬಿಡಿ.

ಪಾದ್ರಿ ವರ್ಗವಾದಾಗ ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕು. ಹಳಬರು ಹೋಗಿ ಹೊಸಬರು ಬರುವ ನಡುವೆ ಸಭೆಯ ಅರ್ಧ ನೆನಪು ಕಳೆದುಹೋಗುತ್ತದೆ. ಪ್ರತಿ ಬಡಾವಣೆಯ ಇಬ್ಬರೂ ಒಂದು ನೋಟುಬುಕ್ಕು ಇಟ್ಟಿರಲಿ. ಮನೆಗಳ ಹೆಸರು, ಹಾಸಿಗೆ ಹಿಡಿದವರು, ಈ ವರ್ಷ ಸಾವಾದ ಮನೆಗಳು, ಹೊಸದಾಗಿ ಬಂದವರು, ಭಾನುವಾರ ಕಾರು ಕಳಿಸಬೇಕಾದ ಅಜ್ಜಿಯರು. ಮನೆಯವರ ಗುಟ್ಟುಗಳನ್ನು ಬರೆಯಬಾರದು. ಹೊಸ ಪಾದ್ರಿ ಬಂದ ಮೊದಲ ವಾರದಲ್ಲೇ, ಸ್ವಾಗತ ಸಮಾರಂಭಕ್ಕೆ ಮುಂಚೆ, ಆ ಪುಸ್ತಕ ಹಿಡಿದು ಅವರ ಜೊತೆ ಒಂದು ಸಂಜೆ ಬಡಾವಣೆ ಸುತ್ತಿ ಬನ್ನಿ. ಹಾಸಿಗೆ ಹಿಡಿದವರ ಮನೆಗಳಿಂದಲೇ ಶುರುಮಾಡಿ.