ಖಾಲಿ ಲಕೋಟೆಯ ಬಹುಮಾನ

1960ರ ದಶಕದ ಕೊನೆಯ ಹೊತ್ತಿಗೆ ಅಮೆರಿಕದ ಕೆಲವು ಮನೆಗಳಿಗೆ ನ್ಯೂಯಾರ್ಕಿನ ಮಾರ್ವೆಲ್ ಕಾಮಿಕ್ಸ್ ಕಚೇರಿಯಿಂದ ಒಂದು ಲಕೋಟೆ ಬರುತ್ತಿತ್ತು. ಒಳಗಿರುವುದು ಅಸಲಿ ‘ನೋ-ಪ್ರೈಜ್’, ಗೆದ್ದವರಿಗೆ ಅಭಿನಂದನೆ ಎಂದು ಅದರ ಮೇಲೇ ಅಚ್ಚಾಗಿರುತ್ತಿತ್ತು. ಆಸೆಯಿಂದ ಒಡೆದು ನೋಡಿದರೆ ಒಳಗೆ ಗಾಳಿ ಬಿಟ್ಟು ಏನೂ ಇಲ್ಲ. ಬಹುಮಾನ ಹಾಕುವುದನ್ನೇ ಮರೆತಿದ್ದೀರಿ ಎಂದು ದೂರಿ ಮರುಪತ್ರ ಬರೆದ ಓದುಗರೂ ಇದ್ದರು. ಸಂಪಾದಕ ಸ್ಟ್ಯಾನ್ ಲೀ ಅವರ ತಮಾಷೆ ಅವರಿಗೆ ತಲುಪಿರಲಿಲ್ಲ.

ನೋ-ಪ್ರೈಜ್ ಗಿಟ್ಟಿಸುವ ಪ್ರಸಿದ್ಧ ದಾರಿಯೆಂದರೆ ಕತೆಯಲ್ಲಿನ ತಪ್ಪು ಹಿಡಿಯುವುದು. ಬರಬರುತ್ತ ಅದಕ್ಕೊಂದು ತಿರುವು ಸೇರಿತು. ತಪ್ಪು ತೋರಿಸಿದರೆ ಸಾಲದು, ಅದು ತಪ್ಪೇ ಅಲ್ಲ ಎಂದು ಜಾಣತನದಿಂದ ಸಾಧಿಸಬೇಕು! ಈ ಕಲೆಯಲ್ಲಿ ಲೀ ಅವರೇ ಪಳಗಿದವರು. ಹಸಿರು ದೈತ್ಯ ಹಲ್ಕ್‌ನ ನಿಜರೂಪ ವಿಜ್ಞಾನಿ ಬ್ರೂಸ್ ಬ್ಯಾನರ್. 1964ರ ‘ಫೆಂಟಾಸ್ಟಿಕ್ ಫೋರ್’ ಸಂಚಿಕೆಯಲ್ಲಿ ಲೀ ಮರೆತು ಅವನನ್ನು ‘ಬಾಬ್’ ಬ್ಯಾನರ್ ಎಂದು ಬರೆದುಬಿಟ್ಟರು. ಓದುಗರು ಹಿಡಿದುಕೊಂಡರು. ಅವನ ಪೂರ್ತಿ ಹೆಸರು ರಾಬರ್ಟ್ ಬ್ರೂಸ್ ಬ್ಯಾನರ್, ಇದರಲ್ಲಿ ತಪ್ಪೇನು ಬಂತು ಎಂದು ಲೀ ಜಾರಿಕೊಂಡರು. ಇಂದಿಗೂ ಹಲ್ಕ್‌ನ ಅಧಿಕೃತ ಹೆಸರು ಅದೇ.

ಕಾಮಿಕ್ಸ್ ಹುಚ್ಚಿನವರು ತಮ್ಮತಮ್ಮಲ್ಲೇ ಮಾತಾಡುವಾಗ ಪಕ್ಕದಲ್ಲಿ ಕೂತವರಿಗೆ ಒಂದೂ ಅರ್ಥವಾಗುವುದಿಲ್ಲ. ರೆಟ್‌ಕಾನ್, ಗಟರ್, ಸ್ಲ್ಯಾಬ್, ಸಿಲ್ವರ್ ಏಜ್. ಈ ನುಡಿಗಟ್ಟಿನಲ್ಲಿ ಎಷ್ಟೋ ಪದಗಳು ಪಂಡಿತರದ್ದೂ ಅಲ್ಲ, ಪ್ರಕಾಶಕರದ್ದೂ ಅಲ್ಲ. ಕಾಗದ ಬರೆಯುವ ಚಟ ಹತ್ತಿದ್ದ ಓದುಗರದ್ದು. ಅದಕ್ಕೆ ಕಾರಣ ಅಂಚೆ. ಡಿಸಿ ಕಾಮಿಕ್ಸ್‌ನ ಸಂಪಾದಕ ಜೂಲಿಯಸ್ ಶ್ವಾರ್ಟ್ಸ್ 1960ರ ಆಸುಪಾಸಿನಲ್ಲಿ ಓದುಗರ ಪತ್ರಗಳ ಕೆಳಗೆ ಅವರ ಪೂರ್ಣ ವಿಳಾಸವನ್ನೂ ಅಚ್ಚು ಹಾಕಿಸತೊಡಗಿದರು. ಒಂಟಿಯಾಗಿ ಓದುತ್ತಿದ್ದವರಿಗೆ ತಮ್ಮಂಥ ಹುಚ್ಚರು ಬೇರೆ ಊರುಗಳಲ್ಲೂ ಇದ್ದಾರೆಂದು ತಿಳಿದದ್ದು ಆಗ. ಡೆಟ್ರಾಯಿಟ್‌ನ ಅಧ್ಯಾಪಕ ಜೆರಿ ಬೇಲ್ಸ್ ಮತ್ತು ಮಿಸೌರಿಯ ತರುಣ ರಾಯ್ ಥಾಮಸ್ ಪತ್ರಮಿತ್ರರಾಗಿ 1961ರಲ್ಲಿ ‘ಆಲ್ಟರ್ ಈಗೊ’ ಎಂಬ ಪುಟ್ಟ ಅಭಿಮಾನಿ ಪತ್ರಿಕೆ ತಂದರು. ಇಂಥವನ್ನು ಫ್ಯಾನ್‌ಜೀನ್ ಎನ್ನುತ್ತಾರೆ. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಥಾಮಸ್ ಮಾರ್ವೆಲ್ ಕಚೇರಿಯಲ್ಲಿದ್ದರು; 1972ರಲ್ಲಿ ಸ್ಟ್ಯಾನ್ ಲೀ ಅವರ ಕುರ್ಚಿಯಲ್ಲೇ ಕೂತರು. ಆಟ ನೋಡಲು ಬಂದವನು ಚೌಕಿಗೆ ನುಗ್ಗಿ ವೇಷ ಕಟ್ಟಿ, ಕೊನೆಗೆ ಜಾಗಟೆಯನ್ನೂ ಕೈಗೆ ತೆಗೆದುಕೊಂಡ ಹಾಗೆ.

ಕಾಮಿಕ್ಸ್ ಇತಿಹಾಸದ ಯುಗವಿಭಾಗವೂ ಪತ್ರದ ಅಂಕಣದ್ದೇ ಕೊಡುಗೆ. 1938ರಲ್ಲಿ ಸೂಪರ್‌ಮ್ಯಾನ್ ಹುಟ್ಟಿದ ನಂತರದ ಕಾಲವನ್ನು ಅಭಿಮಾನಿಗಳು ‘ಗೋಲ್ಡನ್ ಏಜ್’ ಎಂದು ಕರೆಯುತ್ತಿದ್ದರು. ಹಳೆಯ ನಾಯಕರನ್ನೆಲ್ಲ ಹೀಗೆ ಎಬ್ಬಿಸಿ ತರುತ್ತಿದ್ದರೆ ಮುಂದಿನವರು ಈ ಅರವತ್ತರ ದಶಕಕ್ಕೆ ಬೆಳ್ಳಿಯ ಹೆಸರು ಕಟ್ಟುತ್ತಾರೆ ಎಂದು 1966ರಲ್ಲಿ ‘ಜಸ್ಟಿಸ್ ಲೀಗ್ ಆಫ್ ಅಮೆರಿಕ’ ಪತ್ರಿಕೆಗೆ ಒಬ್ಬ ಓದುಗ ಕಿಚಾಯಿಸಿ ಬರೆದ. ‘ಸಿಲ್ವರ್ ಏಜ್’ ಎಂಬ ಹೆಸರಿನ ಬೇರು ಹುಡುಕುವವರು ಇಂದಿಗೂ ಆ ಪತ್ರವನ್ನೇ ತೋರಿಸುತ್ತಾರೆ.

‘ರೆಟ್‌ಕಾನ್’ ಹಾಗಲ್ಲ, ಅದು ಕಾಮಿಕ್ಸ್ ದಾಟಿ ಸಿನಿಮಾ, ಧಾರಾವಾಹಿಗಳ ವಿಮರ್ಶೆಗೂ ಕಾಲಿಟ್ಟಿದೆ. ಹಿಂದೆ ಹೇಳಿದ ಕತೆಯ ಸಂಗತಿಯನ್ನು ಈಗ ತಿದ್ದಿ, ಮೊದಲಿನಿಂದಲೂ ಹೀಗೇ ಇತ್ತು ಎಂದು ನಟಿಸುವ ವಿದ್ಯೆಗೆ ಈ ಹೆಸರು. ವಿದ್ಯೆ ಹಳೆಯದು: 1893ರಲ್ಲಿ ಜಲಪಾತಕ್ಕೆ ಬಿದ್ದ ಷರ್ಲಾಕ್ ಹೋಮ್ಸ್ ಸತ್ತೇ ಇರಲಿಲ್ಲ ಎಂದು ಹತ್ತು ವರ್ಷದ ಮೇಲೆ ಕಾನನ್ ಡಾಯ್ಲ್ ಹೇಳಲಿಲ್ಲವೇ? ಹೆಸರು ಮಾತ್ರ ತೀರ ಈಚಿನದು. ‘ರೆಟ್ರೊಆಕ್ಟಿವ್ ಕಂಟಿನ್ಯುಟಿ’ ಎಂಬ ಅದರ ಪೂರ್ಣರೂಪ 1983ರ ‘ಆಲ್-ಸ್ಟಾರ್ ಸ್ಕ್ವಾಡ್ರನ್’ ಸಂಚಿಕೆಯ ಪತ್ರದ ಪುಟದಲ್ಲಿ ಬಂತು. ಬರೆದವರು ಅದೇ ರಾಯ್ ಥಾಮಸ್. ಅವರು ಅದನ್ನು ತಮ್ಮದೆನ್ನಲಿಲ್ಲ. ಸಮಾವೇಶವೊಂದರಲ್ಲಿ ಸಿಕ್ಕ ಅಭಿಮಾನಿಯ ಬಾಯಿಂದ ಬಂದದ್ದೆಂದರು.

ಇನ್ನು ‘ಗ್ರಾಫಿಕ್ ನಾವೆಲ್’. ಇದರ ಜನನವನ್ನು ಸಾಮಾನ್ಯವಾಗಿ ವಿಲ್ ಐಸ್ನರ್ ಹೆಸರಿಗೆ ಬರೆಯುತ್ತಾರೆ. ನ್ಯೂಯಾರ್ಕಿನ ವಠಾರಗಳ ಬಡ ಯಹೂದಿಗಳ ಕತೆ ಬರೆದುಕೊಂಡು ಐಸ್ನರ್ ಬ್ಯಾಂಟಮ್ ಪ್ರಕಾಶನದ ಮುಖ್ಯಸ್ಥರಿಗೆ ಫೋನ್ ಮಾಡಿದರಂತೆ. ಕಾಮಿಕ್ಸ್ ಎಂದರೆ ಆ ಕಡೆಯಿಂದ ಫೋನ್ ಇಟ್ಟೇಬಿಡುತ್ತಾರೆಂದು ಹೆದರಿ, ಬಾಯಿಗೆ ಬಂದ ‘ಗ್ರಾಫಿಕ್ ನಾವೆಲ್’ ಎಂಬ ಪದ ಹೇಳಿದರು. ಪ್ರಕಾಶಕರು ಕುತೂಹಲದಿಂದ ತರಿಸಿ ನೋಡಿದರು, ಇದೂ ಕಾಮಿಕ್ಸೇ ಎಂದು ಹಿಂತಿರುಗಿಸಿದರು. 1978ರಲ್ಲಿ ‘ಎ ಕಾಂಟ್ರಾಕ್ಟ್ ವಿತ್ ಗಾಡ್’ ಸಣ್ಣ ಪ್ರಕಾಶನವೊಂದರಿಂದ ಹೊರಬಂತು; ಅಗ್ಗದ ಪ್ರತಿಯ ಮುಖಪುಟದಲ್ಲಿ ಆ ಎರಡು ಪದಗಳಿದ್ದವು. ಕತೆ ಚೆನ್ನಾಗಿದೆ. ಆದರೆ ಅದಕ್ಕೂ ಹದಿನಾಲ್ಕು ವರ್ಷ ಹಿಂದೆ, 1964ರ ನವೆಂಬರ್‌ನಲ್ಲಿ, ಬೆರಳೆಣಿಕೆಯ ಸದಸ್ಯರ ನಡುವೆ ಓಡಾಡುತ್ತಿದ್ದ ಹವ್ಯಾಸಿ ಪತ್ರಿಕೆಯೊಂದರಲ್ಲಿ ರಿಚರ್ಡ್ ಕೈಲ್ ಎಂಬ ಅಭಿಮಾನಿ ಇದೇ ಪದ ಬಳಸಿಯಾಗಿತ್ತು.

ಪದದ ಮಟ್ಟಿಗೆ ಹೇಳುವುದಾದರೆ ಅದು ಅಷ್ಟೇನೂ ಸರಿಯಾದ ಪದವಲ್ಲ. ಐಸ್ನರ್ ಪುಸ್ತಕದಲ್ಲಿರುವುದು ನಾಲ್ಕು ಸಣ್ಣ ಕತೆಗಳು. ಆರ್ಟ್ ಸ್ಪೀಗಲ್‌ಮನ್‌ರ ‘ಮೌಸ್’ ಅವರ ತಂದೆ ನಾಜಿ ಶಿಬಿರಗಳಿಂದ ಬದುಕಿಬಂದ ನಿಜಕತೆ. ಯಹೂದಿಗಳು ಇಲಿಗಳಾಗಿ, ನಾಜಿಗಳು ಬೆಕ್ಕುಗಳಾಗಿ ಬರುತ್ತಾರೆ ಅಷ್ಟೆ. ಅದರ ಎರಡನೆಯ ಭಾಗವನ್ನು 1991ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಕಾಲ್ಪನಿಕ ಕೃತಿಗಳ ಪಟ್ಟಿಗೆ ಸೇರಿಸಿದಾಗ ಸ್ಪೀಗಲ್‌ಮನ್ ಪ್ರತಿಭಟಿಸಿ ಪತ್ರ ಬರೆದರು, ಪತ್ರಿಕೆ ಪಟ್ಟಿ ತಿದ್ದಿತು. ಮರುವರ್ಷ ಪುಲಿಟ್ಜರ್ ಸಮಿತಿ ‘ಮೌಸ್’ಗೆ ವಿಶೇಷ ಪ್ರಶಸ್ತಿ ಕೊಟ್ಟಿತು. ಮರ್ಜಾನ್ ಸತ್ರಪಿಯವರ ‘ಪರ್ಸೆಪೊಲಿಸ್’ ಇರಾನಿನ ಹುಡುಗಿಯ ಆತ್ಮಕಥನ. ಕಾದಂಬರಿಗಳಲ್ಲದ ಇವೆಲ್ಲ ಅಂಗಡಿಯಲ್ಲಿ ಅದೇ ಕಪಾಟಿನಲ್ಲಿ ಕೂತಿವೆ. ಅಲನ್ ಮೂರ್‌ರಂಥ ಲೇಖಕರು ಈ ಪದವನ್ನು ಮಾರಾಟದವರ ಹಣೆಪಟ್ಟಿ ಎಂದು ತಳ್ಳಿಹಾಕಿದ್ದೂ ಇದೆ. ಆದರೂ ಕನ್ನಡಿಗರು ನಗುವಂತಿಲ್ಲ. ಬಾಣನ ಗದ್ಯಕಾವ್ಯದ ನಾಯಕಿಯ ಹೆಸರನ್ನು ಇಡೀ ಪ್ರಕಾರಕ್ಕೆ ಇಟ್ಟು ‘ಕಾದಂಬರಿ’ ಎಂದವರು ನಾವು.

ಹೆಸರಿನ ಜಗಳಕ್ಕಿಂತ ರುಚಿಯಾದ ಪದ ‘ಗಟರ್’. ಚಿತ್ರದ ಒಂದೊಂದು ಚೌಕ ಪ್ಯಾನೆಲ್. ಎರಡು ಪ್ಯಾನೆಲ್‌ಗಳ ನಡುವಿನ ಬಿಳಿ ಗೆರೆ ಗಟರ್. ಸ್ಕಾಟ್ ಮೆಕ್ಲೌಡ್ 1993ರಲ್ಲಿ ಕಾಮಿಕ್ಸ್ ರೂಪದಲ್ಲೇ ಬರೆದ ‘ಅಂಡರ್‌ಸ್ಟ್ಯಾಂಡಿಂಗ್ ಕಾಮಿಕ್ಸ್’ ಈ ಖಾಲಿ ಜಾಗದ ಮಹಿಮೆಯನ್ನು ವಿವರಿಸುತ್ತದೆ. ಒಂದು ಚೌಕದಲ್ಲಿ ಒಬ್ಬ ಕೊಡಲಿ ಎತ್ತಿದ್ದಾನೆ. ಮುಂದಿನ ಚೌಕದಲ್ಲಿ ರಾತ್ರಿಯ ನಗರ, ಒಂದು ಚೀತ್ಕಾರ. ಏಟು ಬಿದ್ದದ್ದು ಎಲ್ಲೂ ಚಿತ್ರಿತವಾಗಿಲ್ಲ. ಎಲ್ಲಿ, ಎಷ್ಟು ಜೋರಾಗಿ ಬಿತ್ತು ಎಂಬುದೆಲ್ಲ ಓದುವವನ ತಲೆಯೊಳಗೆ ನಡೆಯುತ್ತದೆ. ಕೊಲೆಯಲ್ಲಿ ಓದುಗನೂ ಪಾಲುದಾರ. ಸಿನಿಮಾ ಹೀಗೆ ಬಿಳಿ ಜಾಗ ಬಿಟ್ಟು ಕಾಯುವುದಿಲ್ಲ.

ಸಂಗ್ರಾಹಕರ ಭಾಷೆ ಬೇರೆಯೇ. ತೆಳು ಸಂಚಿಕೆ ‘ಫ್ಲಾಪಿ’, ಹಲವು ಸಂಚಿಕೆಗಳ ಕಟ್ಟು ‘ಟ್ರೇಡ್’, ಹೊಚ್ಚ ಹೊಸದರಂತಿದ್ದರೆ ‘ನಿಯರ್ ಮಿಂಟ್’. ಹತ್ತು ಅಂಕಕ್ಕೆ ದರ್ಜೆ ಕೊಟ್ಟು ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮೊಹರು ಮಾಡಿದ್ದು ‘ಸ್ಲ್ಯಾಬ್’. 1938ರಲ್ಲಿ ಹತ್ತು ಸೆಂಟ್‌ಗೆ ಸಿಗುತ್ತಿದ್ದ ‘ಆ್ಯಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆಯ ಒಂದು ಪ್ರತಿ 2024ರಲ್ಲಿ 60 ಲಕ್ಷ ಡಾಲರಿಗೆ ಹರಾಜಾಯಿತು. ಅಷ್ಟು ಕೊಟ್ಟವರು ಅದನ್ನು ಬಿಚ್ಚಿ ಓದುವ ಧೈರ್ಯ ಮಾಡಲಾರರು, ಪಾಪ.

‘ಮೊದಲನೆಯದು’ ಎಂಬ ಪಟ್ಟಕ್ಕೆ ಭಾರತದಲ್ಲೂ ಪೈಪೋಟಿ ಇದೆ. ಸಾರನಾಥ್ ಬ್ಯಾನರ್ಜಿಯವರ ‘ಕಾರಿಡಾರ್’ 2004ರಲ್ಲಿ ಬಂದಾಗ ದೇಶದ ಮೊದಲ ಗ್ರಾಫಿಕ್ ನಾವೆಲ್ ಎಂಬ ಪ್ರಚಾರ ಪಡೆಯಿತು. ನರ್ಮದಾ ಚಳವಳಿಯ ಬಗ್ಗೆ ಒರಿಜಿತ್ ಸೇನ್ ಬರೆದ ‘ರಿವರ್ ಆಫ್ ಸ್ಟೋರೀಸ್’ ಅದಕ್ಕೆ ಹತ್ತು ವರ್ಷ ಮುಂಚೆಯೇ ಬಂದಿತ್ತು.

ಕನ್ನಡಕ್ಕೆ ಇನ್ನೊಂದು ತೊಡಕಿದೆ. ‘ಚಿತ್ರಕಥೆ’ ಎಂಬ ಚೆಂದದ ಪದವನ್ನು ಸಿನಿಮಾದವರು ಆಗಲೇ ಎತ್ತಿಕೊಂಡು ಹೋಗಿದ್ದಾರೆ: ಕಥೆ, ಚಿತ್ರಕಥೆ, ಸಂಭಾಷಣೆ, ನಿರ್ದೇಶನ. ಕಾಮಿಕ್ಸ್ ಪಾಲಿಗೆ ಅದು ಭದ್ರವಾಗಿ ಉಳಿದದ್ದು ಮುಖ್ಯವಾಗಿ ‘ಅಮರ ಚಿತ್ರಕಥೆ’ಯಲ್ಲಿ. ಆ ಮಾಲೆಯನ್ನು ದೇಶಕ್ಕೆಲ್ಲ ಹಬ್ಬಿಸಿ ‘ಅಂಕಲ್ ಪೈ’ ಆದ ಅನಂತ ಪೈ ಹುಟ್ಟಿದ್ದು 1929ರಲ್ಲಿ, ಕಾರ್ಕಳದಲ್ಲಿ. ಮಾಲೆ ಶುರುವಾದದ್ದು 1967ರಲ್ಲಿ ಎನ್ನುವುದು ರೂಢಿ. ಆದರೆ 1965ರಲ್ಲೇ ಬೆಂಗಳೂರಿನ ಪುಸ್ತಕ ವ್ಯಾಪಾರಿ ಜಿ.ಕೆ. ಅನಂತರಾಮ್ ಅವರ ಮುತುವರ್ಜಿಯಿಂದ ಅದು ಮೊದಲು ಕನ್ನಡದಲ್ಲಿ ಬಂದಿತ್ತು, ಸಿಂಡರೆಲಾಳಂಥ ಪಾಶ್ಚಾತ್ಯ ಕತೆಗಳೊಂದಿಗೆ, ಎಂಬ ದಾಖಲೆಯೂ ಇದೆ. ಪೈ ಅವರ ‘ಕೃಷ್ಣ’ ಇಂಗ್ಲಿಷಿನಲ್ಲಿ ಮಾಲೆಯ ಮೊದಲ ಪುಸ್ತಕವಾಗಿ ಬಂದರೂ ಅದರ ಮೇಲಿದ್ದ ಸಂಖ್ಯೆ 11. ಒಂದರಿಂದ ಹತ್ತು ಎಲ್ಲಿ ಎಂದು ತಲೆಕೆಡಿಸಿಕೊಂಡ ಇಂಗ್ಲಿಷ್ ಸಂಗ್ರಾಹಕ ಹುಡುಕಬೇಕಾದದ್ದು ಕನ್ನಡದ ಹಳೆಯ ಕಟ್ಟುಗಳಲ್ಲಿ.