ಕರುಳಿನ ಗೋಡೆ ಬಿಗಿಯಾಗಿರಲಿ



ಸಂಘದ ಸಭೆಯೊಂದರಲ್ಲಿ ಒಬ್ಬ ತಾಯಿ ಕಣ್ಣೀರು ಹಾಕುತ್ತಾ ಕೇಳಿದರು: "ಸಿಸ್ಟರ್, ನನ್ನ ಮಗು ಚೆನ್ನಾಗೇ ಊಟ ಮಾಡುತ್ತೆ. ಆದ್ರೂ ಅಂಗನವಾಡೀಲಿ ತೂಕ ನೋಡಿದ್ರೆ ಏರೋದೇ ಇಲ್ಲ. ನೀನು ಸರಿಯಾಗಿ ತಿನ್ನಿಸಲ್ಲ ಅಂತ ಅತ್ತೆ ಬೈತಾರೆ." ವಿಚಾರಿಸಿದಾಗ, ಮಗುವಿಗೆ ಪದೇ ಪದೇ ಭೇದಿ ಆಗುತ್ತಿದ್ದದ್ದು ತಿಳಿಯಿತು.

ಊಟ ಹೊಟ್ಟೆಗೆ ಹೋದರೆ ಸಾಲದು, ಮೈಗೆ ಹತ್ತಬೇಕು. ಅದು ಹತ್ತುವುದು ಕರುಳಿನಲ್ಲಿ.

ಕರುಳಿನ ಗೋಡೆ ಹೇಗಿದೆ?

ಕರುಳಿನ ಒಳಮೈಯಲ್ಲಿ ಜೀವಕೋಶಗಳದ್ದು ಒಂದೇ ಒಂದು ಪದರ. ಈಚೆ ಕಡೆ ನಾವು ತಿಂದ ಆಹಾರ ಮತ್ತು ಲೆಕ್ಕವಿಲ್ಲದಷ್ಟು ಸೂಕ್ಷ್ಮಜೀವಿಗಳು. ಆಚೆ ಕಡೆ ರಕ್ತ. ಮಧ್ಯೆ ಇರುವುದು ಇಷ್ಟೇ ಗೋಡೆ! ಈ ಕೋಶಗಳು 3ರಿಂದ 5 ದಿನಗಳಲ್ಲಿ ಸವೆದು ಉದುರಿ, ಹೊಸವು ಬರುತ್ತವೆ. ಆದರೂ ಗೋಡೆ ಬಿರುಕು ಬಿಡುವುದಿಲ್ಲ. ಯಾಕೆ? ನಾವು ಸಂಘದಲ್ಲಿ ಕೈ ಕೈ ಹಿಡಿದು ನಿಲ್ಲುವ ಹಾಗೆ ಒಂದೊಂದು ಕೋಶವೂ ಪಕ್ಕದ ಕೋಶವನ್ನು ಹಿಡಿದುಕೊಂಡಿರುತ್ತದೆ. ಹಿಡಿಯುವ ಈ ಕೈಗಳು ಪ್ರೋಟೀನಿನವು. ಕ್ಯಾಡ್‌ಹೆರಿನ್ ಎಂಬುದು ಕ್ಯಾಲ್ಸಿಯಂ ಸಹಾಯದಿಂದ ಕೋಶಗಳನ್ನು ಜೋಡಿಸುತ್ತದೆ. 1998ರಲ್ಲಿ ಜಪಾನಿನ ವಿಜ್ಞಾನಿಗಳು ಗುರುತಿಸಿದ ಕ್ಲಾಡಿನ್ ಎಂಬುದು ಸಂದುಗಳನ್ನು ಮುಚ್ಚುತ್ತದೆ.

ಹಿಡಿತ ಸಡಿಲವಾದರೆ?

ಕೊಳಕು ನೀರು, ತೊಳೆಯದ ಕೈಗಳಿಂದ ಒಳಗೆ ಹೋಗುವ ಕೆಲವು ರೋಗಾಣುಗಳು ಈ ಹಿಡಿತವನ್ನೇ ಬಿಡಿಸುತ್ತವೆ. ಆಗ ನೀರು, ಲವಣ ಸೋರಿ ಭೇದಿ ಹೆಚ್ಚುತ್ತದೆ. ರೋಗಾಣುಗಳ ಅಂಶ ಸಂದಿನಲ್ಲಿ ಒಳನುಗ್ಗುತ್ತದೆ. ಮಗು ತಿಂದ ಅನ್ನದ ಶಕ್ತಿ ಬೆಳವಣಿಗೆಗೆ ಬದಲು ಹೋರಾಟಕ್ಕೆ ಖರ್ಚಾಗುತ್ತದೆ. ಹೀಗೆ ಮತ್ತೆ ಮತ್ತೆ ಆದರೆ, ಆಹಾರ ಹೀರುವ ಬೆರಳಿನಂಥ ಎಳೆಗಳೂ ಮೊಂಡಾಗುತ್ತವೆ. ತೂಕ ಏರದಿರಲು ಬೇರೆ ಕಾರಣಗಳೂ ಉಂಟು. ಆದರೆ ತಾಯಿಯನ್ನು ಬೈದರೆ ಕರುಳು ವಾಸಿಯಾಗುವುದಿಲ್ಲ.

ದೊಡ್ಡವರೂ ಗಮನಿಸಿ: ಮದ್ಯಪಾನ ಮತ್ತು ಡಾಕ್ಟರನ್ನು ಕೇಳದೆ ದಿನಾ ನುಂಗುವ ಮೈಕೈ ನೋವಿನ ಮಾತ್ರೆಗಳೂ ಈ ಗೋಡೆಯನ್ನು ಕೆಡಿಸುತ್ತವೆ.

ನಾವೇನು ಮಾಡಬಹುದು?

* ಮಗುವಿಗೆ ಮೊದಲ 6 ತಿಂಗಳು ಎದೆಹಾಲು ಮಾತ್ರ ಕೊಡಿ.
* ಭೇದಿಯಾದಾಗ ಓ.ಆರ್.ಎಸ್. ಕುಡಿಸಿ. ಪೊಟ್ಟಣದ ಮೇಲೆ ಬರೆದಷ್ಟೇ ನೀರು ಹಾಕಿ. ಕೋಶಗಳಲ್ಲಿ ಸಕ್ಕರೆ ಮತ್ತು ಉಪ್ಪು ಜೊತೆಯಾಗಿ ಒಳಹೋಗುವ ಬಾಗಿಲು ಭೇದಿಯಲ್ಲೂ ತೆರೆದಿರುತ್ತದೆ. ಅವುಗಳ ಹಿಂದೆ ನೀರೂ ಹೋಗುತ್ತದೆ.
* ಆಶಾ ಕಾರ್ಯಕರ್ತೆ ಕೊಡುವ ಜಿಂಕ್ ಮಾತ್ರೆಯನ್ನು ಭೇದಿ ನಿಂತರೂ 14 ದಿನ ಪೂರ್ತಿ ಕೊಡಿ. ಗೋಡೆ ರಿಪೇರಿಯಾಗಲು ಅದು ಬೇಕು.
* ಭೇದಿ ಅಂತ ಮಗುವನ್ನು ಉಪವಾಸ ಕೆಡವಬೇಡಿ. ಕರುಳಿನ ಕೋಶಗಳಿಗೂ ಊಟ ಬೇಕು.
* ಮಲವಿಸರ್ಜನೆಯ ನಂತರ, ಮಗುವನ್ನು ತೊಳೆದ ನಂತರ, ಅಡುಗೆಗೆ ಮುಂಚೆ ಸೋಪಿನಿಂದ ಕೈ ತೊಳೆಯಿರಿ.
* ಮಲದಲ್ಲಿ ರಕ್ತ, ಗುಳಿಬಿದ್ದ ಕಣ್ಣು, ಕುಡಿಯಲಾಗದಷ್ಟು ನಿತ್ರಾಣ ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಸಭೆಯಲ್ಲಿ ಚರ್ಚಿಸಿ: ನಮ್ಮ ಬೀದಿಯಲ್ಲಿ ಎಷ್ಟು ಮಕ್ಕಳಿಗೆ ಈ ತಿಂಗಳು ಭೇದಿಯಾಯಿತು? ಎಷ್ಟು ಮನೆಯಲ್ಲಿ ಓ.ಆರ್.ಎಸ್. ಪೊಟ್ಟಣ ಇದೆ? ಈ ಲೇಖನವನ್ನು ಅತ್ತೆಯವರಿಗೂ ಓದಿ ಹೇಳಿ.