ಕನ್ನಗಳ್ಳನ ಹಿಂದಿನ ಪ್ರಭುತ್ವ

ಗಣಕಯಂತ್ರಗಳಿಗೆ ಕನ್ನವಿಕ್ಕುವವನೆಂದರೆ ಕತ್ತಲೆಯ ಕೋಣೆಯಲ್ಲಿ ಒಬ್ಬಂಟಿಯಾಗಿ ಕುಳಿತ ಅಪಾರ ಬುದ್ಧಿಯ ತರುಣನೆಂದೂ, ಸ್ವಂತ ಧನದಾಹದಿಂದ ಕ್ಷಣಾರ್ಧದಲ್ಲಿ ಕಾರ್ಯ ಮುಗಿಸಿ ಕಣ್ಮರೆಯಾಗುವವನೆಂದೂ ಲೋಕ ನಂಬಿದೆ. ಚಲನಚಿತ್ರಗಳು ಪೋಷಿಸಿದ ಈ ನಂಬಿಕೆಯನ್ನು, ಉತ್ತರ ಕೊರಿಯಾದ ಪ್ರಭುತ್ವಕ್ಕೆ ಸೇರಿದುದೆಂದು ಅಮೆರಿಕದ ತನಿಖಾಧಿಕಾರಿಗಳು ಗುರುತಿಸಿರುವ ಲಜಾರಸ್ ಎಂಬ ಕೂಟದ ಚರಿತ್ರೆ ಬಲ್ಲವರು ಒಪ್ಪಲಾರರು.

ಕ್ಷಣಾರ್ಧದ ಮಾತನ್ನೇ ಮೊದಲು ಪರೀಕ್ಷಿಸೋಣ. ಈ ಕೂಟ ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನ ಹಣ ಕದ್ದುದು 2016ರ ಫೆಬ್ರವರಿಯಲ್ಲಿ. ಆದರೆ ಸುಮಾರು ಒಂದು ವರ್ಷ ಮುಂಚೆಯೇ, ಉದ್ಯೋಗ ಬೇಡುವ ವಿನೀತ ಅರ್ಜಿಯ ವೇಷದಲ್ಲಿ ವಿಷಪೂರಿತ ಇ-ಮೇಲ್‌ಗಳು ಅಲ್ಲಿಯ ನೌಕರರನ್ನು ತಲುಪಿದ್ದುವು, 2015ರ ಮೇ ತಿಂಗಳಲ್ಲಿ ಮನಿಲಾದ ಬ್ಯಾಂಕ್ ಶಾಖೆಯೊಂದರಲ್ಲಿ ಸುಳ್ಳು ಹೆಸರಿನ ಖಾತೆಗಳು ಸಿದ್ಧವಾಗಿ ಬರಲಿರುವ ಧನಕ್ಕೆ ಕಾದಿದ್ದುವು. ದಿನವನ್ನಾರಿಸಿದ ಜಾಣ್ಮೆಯಂತೂ ಮುಹೂರ್ತವಿಡುವ ಜೋಯಿಸರನ್ನು ನಾಚಿಸುವಂಥದು: ಢಾಕಾದಲ್ಲಿ ಶುಕ್ರವಾರ ಶನಿವಾರ ರಜೆ, ಆ ಬ್ಯಾಂಕಿನ ಹಣವಿದ್ದ ನ್ಯೂಯಾರ್ಕಿನಲ್ಲಿ ಶನಿವಾರ ಭಾನುವಾರ ರಜೆ, ಸೋಮವಾರ ಮನಿಲಾದಲ್ಲಿ ಚೀನೀ ಹೊಸವರ್ಷದ ರಜೆ, ಒಬ್ಬರು ಕೂಗಿದರೆ ಮತ್ತೊಬ್ಬರು ಓಗೊಡುವಂತಿರಲಿಲ್ಲ. ಬ್ಯಾಂಕುಗಳು ಹಣ ವರ್ಗಾವಣೆಯ ಸಂದೇಶ ಕಳುಹಿಸುವ ಸ್ವಿಫ್ಟ್ ಜಾಲದ ಮೂಲಕ ನ್ಯೂಯಾರ್ಕಿನ ಫೆಡರಲ್ ರಿಸರ್ವ್ ಬ್ಯಾಂಕಿಗೆ ಹೋದ 35 ಆದೇಶಗಳು ಕೇಳಿದುದು ಸುಮಾರು 95 ಕೋಟಿ ಡಾಲರು. ಮನಿಲಾ ಸೇರಿದ 8.1 ಕೋಟಿಯ ಬಹುಭಾಗ ಜೂಜಿನ ಮನೆಗಳಲ್ಲಿ ಕರಗಿಹೋಯಿತು. ಶ್ರೀಲಂಕೆಗೆ ಹೊರಟ 2 ಕೋಟಿ ಮಾತ್ರ, ‘ಫೌಂಡೇಶನ್’ ಎಂಬ ಪದವನ್ನು ತಪ್ಪಾಗಿ ಬರೆದ ಕಾರಣ ಸಿಕ್ಕಿಬಿದ್ದಿತು. ಕಳ್ಳರ ಬುದ್ಧಿಯನ್ನು ಅಪಾರವೆಂದು ಆರಾಧಿಸುವವರು ಇದನ್ನು ನೆನೆಯಬೇಕು.

ಇನ್ನು ಧನದಾಹ. 2014ರಲ್ಲಿ ಇದೇ ಕೂಟ ಸೋನಿ ಪಿಕ್ಚರ್ಸ್ ಸಂಸ್ಥೆಯ ಗಣಕಗಳನ್ನು ಧ್ವಂಸಮಾಡಿದುದರ ಮೂಲ, ತಮ್ಮ ನಾಯಕನನ್ನು ಪರಿಹಾಸ್ಯ ಮಾಡಿದ ಚಲನಚಿತ್ರದ ಮೇಲಣ ರೋಷ. ಧನವನ್ನು ಕದ್ದಾಗಲೂ ಅದು ಕದ್ದವನ ಕಿಸೆಗಲ್ಲ, ಅಂತರರಾಷ್ಟ್ರೀಯ ನಿರ್ಬಂಧಗಳಿಂದ ಬಿಗಿಯಲ್ಪಟ್ಟ ರಾಷ್ಟ್ರವೊಂದರ ಶಸ್ತ್ರಾಗಾರಕ್ಕೆಂದು ವಿಶ್ವಸಂಸ್ಥೆಯ ತಜ್ಞಮಂಡಲಿ ವರದಿ ಮಾಡಿದೆ. 2018ರಲ್ಲಿ ಪುಣೆಯ ಕಾಸ್ಮಾಸ್ ಸಹಕಾರಿ ಬ್ಯಾಂಕು ಕಳೆದುಕೊಂಡ ಸುಮಾರು 94 ಕೋಟಿ ರೂಪಾಯಿಯನ್ನೂ ಆ ಮಂಡಲಿ ಇದೇ ಲೆಕ್ಕಕ್ಕೆ ಸೇರಿಸಿತು.

ತಂತ್ರಾಂಶವೆಂಬ ಆಯುಧವನ್ನು ಕಂಡರೆ ಆಯುಧಧಾರಿಯನ್ನು ಕಂಡಂತೆಯೇ ಎಂಬ ಇನ್ನೊಂದು ನಂಬಿಕೆ, ತಿಳಿದವರಲ್ಲಿಯೂ ಇರುವುದರಿಂದ, ಹೆಚ್ಚು ಅಪಾಯಕರ. 2018ರ ಚಳಿಗಾಲದ ಒಲಿಂಪಿಕ್ಸ್ ಉದ್ಘಾಟನೆಯ ಹೊತ್ತಿಗೆ ದಕ್ಷಿಣ ಕೊರಿಯಾದ ಪ್ಯೋಂಗ್‌ಚಾಂಗಿನ ಗಣಕಗಳನ್ನು ಕೆಡಿಸಿದ ತಂತ್ರಾಂಶದಲ್ಲಿ ಲಜಾರಸ್‌ನ ಗುರುತುಗಳಿದ್ದುವು; ಅವು ಬೇಕೆಂದೇ ಇರಿಸಿದ ಸುಳ್ಳು ಗುರುತುಗಳೆಂದು ಸಂಶೋಧಕರು ತೋರಿಸಿಕೊಟ್ಟರು, ಮತ್ತು 2020ರಲ್ಲಿ ಅಮೆರಿಕ ಆ ಕೃತ್ಯಕ್ಕಾಗಿ ದೋಷಾರೋಪ ಹೊರಿಸಿದುದು ರಷ್ಯದ ಸೈನಿಕ ಗುಪ್ತಚರರ ಮೇಲೆ. ಲಜಾರಸ್ಸನ್ನು ಹಿಡಿದುಕೊಟ್ಟುದೂ ಕೇವಲ ತಂತ್ರಾಂಶದ ಹೋಲಿಕೆಯಲ್ಲ: ಸೋನಿಗೂ ಬಾಂಗ್ಲಾದ ಬ್ಯಾಂಕಿಗೂ ಬಲೆ ಬೀಸಿದ ಇ-ಮೇಲ್ ಖಾತೆಗಳು ಒಂದಕ್ಕೊಂದು ಹೆಣೆದುಕೊಂಡಿದ್ದುದನ್ನು ತನಿಖೆಗಾರರು ಎಳೆ ಎಳೆಯಾಗಿ ಬಿಡಿಸಿದರು.